ಬೀಗರೂರಿನಲ್ಲಿ ಬೇಸಿಗೆ

ಮಕ್ಕಳಿಗೆ ರಜೆ ಇರುವಾಗ ಕಾವೇರಿಯಲ್ಲಿ ನೀರಿರುವುದಿಲ್ಲ, ನೀರಿರುವಾಗ ಮಕ್ಕಳಿಗೆ ರಜೆ ಇರುವುದಿಲ್ಲ. ಹೀಗಾಗಿ ತಂಜಾವೂರು ಸೀಮೆಯ ಡೆಲ್ಟಾ ನೋಡಲು ನಾವು ಹೊರಟದ್ದು ಮೇ ತಿಂಗಳಲ್ಲಿ. ಅಲ್ಲಿನ ಗದ್ದೆಗಳಿಗಾಗಿ ಮೆಟ್ಟೂರು ಅಣೆಕಟ್ಟೆಯ ಬಾಗಿಲು ತೆರೆಯುವ ವಾಡಿಕೆ ಜೂನ್ 12ಕ್ಕೆ. ಅದಕ್ಕೆ ಮುಂಚೆ ಹೋದವರಿಗೆ ಕಾಣುವುದು ಎರಡು ದಡ, ನಡುವೆ ಮರಳು, ಮರಳಿನ ಮೇಲೆ ಹುಡುಗರ ಕ್ರಿಕೆಟ್ಟು.

ಅದರಲ್ಲೂ ಕರ್ನಾಟಕದವರು ಹೋಗುವುದೆಂದರೆ ವರದಕ್ಷಿಣೆ ಬಾಕಿ ಇಟ್ಟುಕೊಂಡು ಬೀಗರ ಮನೆಗೆ ಹೋದ ಹಾಗೆ. ಆಟೋದವನು "ಎಂದ ಊರು ಸಾರ್?" ಎಂದು ಕೇಳಿದ್ದೇ ತಡ, ನಮ್ಮ ಮಾವನವರು "ಹೊಸೂರು" ಎಂದುಬಿಟ್ಟರು. ಊರು ತಮಿಳುನಾಡಿನದೇ, ಕನ್ನಡವೂ ನಡೆಯುತ್ತದೆ. ಸಿಕ್ಕಿಬಿದ್ದರೂ ನುಣುಚಿಕೊಳ್ಳಲು ದಾರಿ ಇದೆ. ಮಾವನವರು ಲೆಕ್ಕಪತ್ರದಲ್ಲೇ ತಲೆ ನರೆಸಿದವರು. 2018ರಲ್ಲಿ ಸುಪ್ರೀಂ ಕೋರ್ಟು ಬಿಡಲು ಹೇಳಿದ 177.25 ಟಿಎಂಸಿ ಅವರಿಗೆ ಮೊಮ್ಮಕ್ಕಳ ಹುಟ್ಟುಹಬ್ಬಕ್ಕಿಂತ ಚೆನ್ನಾಗಿ ನೆನಪಿದೆ.

ಗುಟ್ಟು ರಟ್ಟಾದದ್ದು ಕಲ್ಲಣೆಯಲ್ಲಿ. ಕರಿಕಾಲ ಚೋಳನ ಹೆಸರು ಹೊತ್ತ, ಸುಮಾರು ಎರಡು ಸಾವಿರ ವರ್ಷ ಹಳೆಯದೆನ್ನುವ ಕಟ್ಟೆ ಅದು. ನದಿ ಅಲ್ಲಿ ಅಣ್ಣತಮ್ಮಂದಿರಂತೆ ಜಗಳವಾಡದೆ ಪಾಲಾಗುತ್ತದೆ. ಕಾವೇರಿಗೂ ವೆಣ್ಣಾರಿಗೂ ಗದ್ದೆಯ ಕೆಲಸ. ಪ್ರವಾಹ ಬಂದರೆ ಹೆಚ್ಚಾದ ನೀರು ಕೊಳ್ಳಿಡಂ ಹಿಡಿದು ಸಮುದ್ರಕ್ಕೆ. ಇದನ್ನು ನಾನು ಮಕ್ಕಳಿಗೆ ವಿವರಿಸುತ್ತಿದ್ದಾಗ ಅತ್ತೆಯವರಿಗೆ ತಡೆಯಲಾಗಲಿಲ್ಲ. "ಹೆಚ್ಚಾದ ನೀರಾ? ಬೆಂಗಳೂರಲ್ಲಿ ನಮ್ಮನೆ ನಲ್ಲೀಗೆ ಕಾವೇರಿ ಬರೋದೇ ದಿನ ಬಿಟ್ಟು ದಿನ!" ಎಂದು ಕರಿಕಾಲನಿಗೇ ಕೇಳುವಂತೆ ಕೂಗಿದರು.

ಆಟೋದವನು ತಿರುಗಿ ನೋಡಿದ. "ಬೆಂಗಳೂರಾ ಸಾರ್? ಮಡಿವಾಳದಲ್ಲಿ ನಾನೂ ಇದ್ದೆ" ಎಂದ, ನಮ್ಮ ಮಕ್ಕಳಿಗಿಂತ ಸ್ವಚ್ಛ ಕನ್ನಡದಲ್ಲಿ. ಮಾವನವರು ಅಣೆಕಟ್ಟೆಯ ಕಂಬಗಳನ್ನು ಎಣಿಸತೊಡಗಿದರು.

ತಂಜಾವೂರಿನಲ್ಲಿ ಅರಮನೆ, ಸರಸ್ವತಿ ಮಹಲಿನ ತಾಳೆಗರಿ, ತಲೆಯಾಡಿಸುವ ಬೊಂಬೆ, ಎಲ್ಲ ಆಯಿತು. ಆದರೆ ರಾಜರಾಜ ಚೋಳ 1010ರಲ್ಲಿ ಮುಗಿಸಿದ ದೊಡ್ಡ ದೇವಸ್ಥಾನದ ಮುಂದೆ ಉಳಿದದ್ದೆಲ್ಲ ಸಪ್ಪೆ. ಇನ್ನೂರು ಅಡಿ ಮೀರಿದ ಆ ವಿಮಾನದ ನೆರಳು ನೆಲಕ್ಕೆ ಬೀಳುವುದಿಲ್ಲವೆಂದು ಪ್ರತೀತಿ. ಚಪ್ಪಲಿ ಹೊರಗಿಟ್ಟು, ಕಾದ ಕಲ್ಲಿನ ಮೇಲೆ ಭರತನಾಟ್ಯ ಮಾಡುತ್ತ ನಾವು ಹುಡುಕಿದ್ದು ಅದನ್ನೇ. ನೆರಳು ಧಾರಾಳವಾಗಿ ಬಿದ್ದಿತ್ತು. ಇಡೀ ತಂಜಾವೂರೇ ಅದರಲ್ಲಿ ಕೂತು ಪುಳಿಯೋಗರೆ ತಿನ್ನುತ್ತಿತ್ತು. ನಮಗೆ ಮಾತ್ರ ಜಾಗವಿರಲಿಲ್ಲ. ಪ್ರತೀತಿ ಹುಟ್ಟಿಸಿದವನೂ ನಮ್ಮಂತೆ ತಡವಾಗಿ ಬಂದಿರಬೇಕು.

ಹೊರಗೆ ಹಿತ್ತಾಳೆ ಡವರಾದಲ್ಲಿ ಡಿಗ್ರಿ ಕಾಫಿ ಬಂತು. ಮಾವನವರಿಗೆ ಒಂದು ಗುಟುಕಿಗೇ ಸ್ವಾಭಿಮಾನ ಮರಳಿತು. ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಬೆಳೆಯುವುದು ಕರ್ನಾಟಕ, ಅದರಲ್ಲೂ ಕಾವೇರಿ ಹುಟ್ಟುವ ಕೊಡಗು. "ನೋಡಿ, ಬೀಜಕ್ಕೆ ನ್ಯಾಯಾಧಿಕರಣ ಬೇಕಾಗಿಲ್ಲ, ತಿಂಗಳು ತಿಂಗಳೂ ತಾನಾಗೇ ಬರ್ತದೆ" ಎಂದು ಭಾಷಣ ಶುರುಮಾಡಿದರು.

ಅದೇ ಹುರುಪಿನಲ್ಲಿ ಬಾಡಿಗೆಯಲ್ಲೂ ಚೌಕಾಸಿಗಿಳಿದರು. ಆಟೋದವನು ನಕ್ಕು, "ಜೂನ್ 12ಕ್ಕೆ ಸರಿಯಾಗಿ ನೀರು ಬರೋ ಹಾಗೆ ಮಾಡಿ ಸಾರ್, ನೂರು ರೂಪಾಯಿ ಬಿಡ್ತೀನಿ" ಎಂದ.

ಮಾವನವರು ಕನ್ನಡಕ ತೆಗೆದು ಒರೆಸಿ, ನೀರಾವರಿ ಮಂತ್ರಿಯ ಗತ್ತಿನಲ್ಲಿ "ಮಳೆ ನೋಡಿಕೊಂಡು ತೀರ್ಮಾನ ಮಾಡೋಣ" ಎಂದರು. ಪೂರ್ತಿ ಬಾಡಿಗೆ ಕೊಟ್ಟರು.