ಅಡಿಗಲ್ಲಿನ ಮೇಲೆ ಅನುಕಂಪವೇಕೆ?

ಕುಲುಮೆಯ ಹತ್ತಿರ ಒಂದು ಗಳಿಗೆ ನಿಂತು ನೋಡಿದವರಿಗೆ ಗೊತ್ತು, ಏಟು ಬೀಳುವುದು ಅಡಿಗಲ್ಲಿಗೆ, ಕೆಡುವುದು ಸುತ್ತಿಗೆ. ಕಾವು ಸಡಿಲವಾಗುತ್ತದೆ, ತಲೆ ಸೀಳುತ್ತದೆ. ಅಡಿಗಲ್ಲು ಮಾತ್ರ ಅಪ್ಪನ ಕಾಲದ್ದು ಮಗನ ಕಾಲಕ್ಕೂ ಕೂತಿರುತ್ತದೆ. ಆದರೆ ಇಂಗ್ಲಿಷಿನಲ್ಲಿ ‘ಹ್ಯಾಮರ್ ಅಂಡ್ ಆನ್ವಿಲ್’ ಎಂದು ಬರೆಯುವವರೆಲ್ಲ ಅಡಿಗಲ್ಲೇ ಜಜ್ಜಿಹೋಯಿತು ಅನ್ನುವ ಹಾಗೆ ಬರೆಯುತ್ತಾರೆ. ಇದನ್ನು ಎತ್ತಿ ತೋರಿಸಿದವನು ಜಾರ್ಜ್ ಆರ್ವೆಲ್, ನಮ್ಮ ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿದವನು. ರಾಜಕೀಯ ಮತ್ತು ಇಂಗ್ಲಿಷ್ ಭಾಷೆಯ ಬಗ್ಗೆ 1946ರಲ್ಲಿ ಅವನೊಂದು ಪ್ರಬಂಧ ಬರೆದ. ಒಂದು ಕ್ಷಣ ನಿಂತು ಯೋಚಿಸುವ ಬರಹಗಾರ ನುಡಿಗಟ್ಟನ್ನು ಹೀಗೆ ತಿರುಚುವುದಿಲ್ಲ ಎನ್ನುವುದು ಅಲ್ಲಿ ಅವನ ದೂರು. ನನಗೂ ಇದೇ ಸಂಕಟ ಕಣ್ರೀ. ನುಡಿಗಟ್ಟು ಅಂದರೆ ಯಾರೋ ಕಣ್ಣಾರೆ ಕಂಡ ಒಂದು ಕೆಲಸ, ಒಂದು ದೃಶ್ಯ. ಅದು ಮರೆತುಹೋದ ಮೇಲೆ ಬಾಯಲ್ಲಿ ಉಳಿಯುವುದು ಬರೀ ಸದ್ದು.

ಸದ್ದು ಅಂದೆನಲ್ಲ, ಅಲ್ಲೊಂದು ಸ್ವಾರಸ್ಯವಿದೆ. ಆರ್ವೆಲ್ ಅದೇ ಪ್ರಬಂಧದಲ್ಲಿ ‘ಟೋ ದ ಲೈನ್’ ಅನ್ನುವುದರ ಕಾಗುಣಿತ ಜನ ತಪ್ಪಿಸುವುದನ್ನೂ ಹೇಳುತ್ತಾನೆ. ಗೆರೆಗೆ ಕಾಲ್ಬೆರಳು ತಾಗಿಸಿ ಸಾಲಾಗಿ ನಿಲ್ಲುವುದು ಸರಿಯಾದ ಚಿತ್ರ. ತಪ್ಪು ಕಾಗುಣಿತದಲ್ಲಿ ಅದು ಹಗ್ಗ ಕಟ್ಟಿ ಎಳೆಯುವುದಾಗುತ್ತದೆ. ‘ಫ್ರೀ ರೇನ್’ ಕೂಡ ಹಾಗೆಯೇ. ಕುದುರೆಯ ಲಗಾಮನ್ನು ಸಡಿಲ ಬಿಡುವುದು ಅದರ ಮೂಲ. ಬರೆಯುವವರು ಅದನ್ನು ರಾಜರ ಆಳ್ವಿಕೆ ಮಾಡಿಬಿಡುತ್ತಾರೆ. ‘ಬೇಟೆಡ್ ಬ್ರೆತ್’ ಅಂದರೆ ತಗ್ಗಿದ, ತಡೆದ ಉಸಿರು. ಷೇಕ್ಸ್‌ಪಿಯರ್ ವೆನಿಸ್ಸಿನ ವ್ಯಾಪಾರಿಯಲ್ಲಿ ಶೈಲಾಕನ ಬಾಯಲ್ಲಿ ಇಟ್ಟ ಮಾತು. ಈಗ ಅದನ್ನು ಗಾಳಕ್ಕೆ ಎರೆ ಸಿಕ್ಕಿಸಿದ ಉಸಿರು ಅನ್ನುವ ಹಾಗೆ ಬರೆಯುವವರು ಎಷ್ಟೋ ಮಂದಿ. ಕನ್ನಡ ಲಿಪಿಯಲ್ಲಿ ಇವನ್ನು ಬರೆದು ನೋಡಿ, ಸರಿಯೂ ತಪ್ಪೂ ಒಂದೇ ಥರ ಕಾಣುತ್ತವೆ. ಕಿವಿಗೆ ಎರಡೂ ಒಂದೇ. ಹಾಗಾಗಿ ಇಂಥ ತಪ್ಪಿನ ಮೇಲೆ ನನಗೆ ಕೋಪ ಬರುವುದಿಲ್ಲ. ಲಗಾಮು ಹಿಡಿದು ಕುದುರೆ ಓಡಿಸುವವರೇ ಕಡಿಮೆಯಾದ ಮೇಲೆ, ಕೇಳಿದ ಸದ್ದಿಗೆ ಏನೋ ಒಂದು ಅರ್ಥ ಕಟ್ಟಿಕೊಳ್ಳುವುದು ಮನುಷ್ಯನ ಸಹಜ ಬುದ್ಧಿ. ಓಕ್ ಮರದ ಕಾಯಿ ‘ಏಕಾರ್ನ್’ ಅನ್ನು ಒಬ್ಬಾಕೆ ‘ಎಗ್ ಕಾರ್ನ್’ ಎಂದು ಬರೆದಿದ್ದಳಂತೆ. ಆ ಕಾಯಿ ಮೊಟ್ಟೆಯಾಕಾರದಲ್ಲಿ ಇರುವುದೂ ನಿಜವೇ. ಭಾಷಾವಿಜ್ಞಾನಿ ಜೆಫ್ರಿ ಪುಲ್ಲಂ 2003ರಲ್ಲಿ ಇಂಥ ತಪ್ಪುಗಳಿಗೆಲ್ಲ ‘ಎಗ್‌ಕಾರ್ನ್’ ಎಂಬ ಹೆಸರನ್ನೇ ಸೂಚಿಸಿದರು. ಮಕ್ಕಳು ಹೀಗೆ ಬರೆದರೆ ಕೆಂಪು ಶಾಯಿ ಎಳೆಯುವ ಮೊದಲು ಕುದುರೆಯ ಕಥೆ ಹೇಳಿ. ನಮ್ಮ ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ದಲ್ಲಿ ಓದುಗರ ಸಂದೇಹಗಳಿಗೆ ಪದದ ಹಿನ್ನೆಲೆ ಬಿಡಿಸಿಟ್ಟು ಉತ್ತರಿಸುತ್ತಿದ್ದರಲ್ಲ, ತಿದ್ದುವುದಾದರೆ ಹಾಗೆ ತಿದ್ದಬೇಕು.

ನನ್ನನ್ನು ನಿಜವಾಗಿ ಕೆರಳಿಸುವುದು ಬೇರೆ ಜಾತಿಯ ತಪ್ಪು, ಅರ್ಥವೇ ತಲೆಕೆಳಗಾಗುವುದು. ‘ಎಕ್ಸೆಪ್ಶನ್ ಪ್ರೂವ್ಸ್ ದ ರೂಲ್’ ಅಂತಾರಲ್ಲ, ಅದನ್ನೇ ತಗೊಳ್ಳಿ. ಯಾರಾದರೂ “ನಮ್ಮ ಬೀದಿಯ ಹುಡುಗರೆಲ್ಲ ಸೋಮಾರಿಗಳು” ಅನ್ನುತ್ತಾರೆ. ನೀವು, ಇಗೋ ಈ ಹುಡುಗ ಬೆಳಗ್ಗೆ ಐದಕ್ಕೆ ಎದ್ದು ಹಾಲು ಹಾಕುತ್ತಾನಲ್ಲ ಅನ್ನುತ್ತೀರಿ. ತಕ್ಷಣ ಈ ಮಾತು ಬರುತ್ತದೆ: ಅಪವಾದ ಇರುವುದೇ ನಿಯಮ ಸರಿ ಅನ್ನುವುದಕ್ಕೆ ಸಾಕ್ಷಿ! ಇದೆಲ್ಲಿಯ ನ್ಯಾಯ? ಎದುರು ಉದಾಹರಣೆ ಸಿಕ್ಕರೆ ಮಾತು ದುರ್ಬಲವಾಗಬೇಕು, ಗಟ್ಟಿಯಾಗುವುದು ಹೇಗೆ? 

ಮೂಲ ಎಷ್ಟು ಚಂದ ಇದೆ ಕೇಳಿ. ಕ್ರಿ.ಪೂ. 56ರಲ್ಲಿ ರೋಮಿನಲ್ಲಿ ಬಾಲ್ಬಸ್ ಎಂಬವನ ಮೇಲೆ ಮೊಕದ್ದಮೆ ನಡೆಯಿತು. ಇಂದಿನ ಸ್ಪೇನಿನ ಕಾದಿಸ್ ಅವನ ಊರು. ಪಾಂಪೆ ಅವನಿಗೆ ರೋಮಿನ ಪೌರತ್ವ ಕೊಟ್ಟಿದ್ದ, ಅದು ಅಕ್ರಮ ಎಂಬುದು ಆರೋಪ. ಅವನ ಪರ ನಿಂತವನು ಸಿಸೆರೊ. ರೋಮ್ ಕೆಲವು ಜನಾಂಗಗಳ ಜೊತೆ ಮಾಡಿಕೊಂಡ ಒಪ್ಪಂದಗಳಲ್ಲಿ, ನಿಮ್ಮವರನ್ನು ನಾವು ಪೌರರಾಗಿ ಸೇರಿಸಿಕೊಳ್ಳುವುದಿಲ್ಲ ಎಂಬ ಷರತ್ತು ಬಾಯಿಬಿಟ್ಟು ಬರೆದಿತ್ತು. ಕಾದಿಸ್ ಜೊತೆಗಿನ ಒಪ್ಪಂದದಲ್ಲಿ ಅದು ಇರಲಿಲ್ಲ. ಸಿಸೆರೊ ಹಿಡಿದದ್ದು ಅಲ್ಲೇ. ಬೇರೆ ಕಡೆ ಬೇಡವೆಂದು ಬರೆದಿದ್ದೀರಿ ಅಂದಮೇಲೆ, ಬರೆಯದ ಕಡೆ ಅವಕಾಶವಿದೆ ಎಂದೇ ಅರ್ಥವಲ್ಲವೇ? ಬಾಲ್ಬಸ್ ಗೆದ್ದ. ನಮ್ಮ ಅಂಗಡಿಯ ಬಾಗಿಲ ಮೇಲೆ ‘ಮಂಗಳವಾರ ರಜೆ’ ಎಂದು ಬರೆದಿದ್ದರೆ ಮಿಕ್ಕ ಆರು ದಿನ ತೆರೆದಿರುತ್ತದೆ ಎಂದು ಯಾರೂ ಹೇಳದೆ ತಿಳಿಯುತ್ತೇವೆ. ಹೊರಗಿಟ್ಟದ್ದನ್ನು ನೋಡಿ, ಬರೆಯದೇ ಇದ್ದ ನಿಯಮವನ್ನು ಕಂಡುಕೊಳ್ಳುವ ಜಾಣತನ ಅದು. ಕಾನೂನು ಓದುವವರಿಗೆ ಇವತ್ತಿಗೂ ಕೆಲಸಕ್ಕೆ ಬರುವ ಸಲಕರಣೆ. ಇಂಗ್ಲಿಷ್ ಬಳಕೆಯ ಬಗ್ಗೆ 1926ರಲ್ಲಿ ನಿಘಂಟು ಬರೆದ ಫೌಲರ್ ಕೂಡ ಈ ಒಂದು ಮಾತಿನ ದುರ್ಬಳಕೆಯನ್ನು ಪಟ್ಟುಹಿಡಿದು ಬಿಡಿಸಿದ್ದಾನೆ. ಆದರೂ ವಾದದಲ್ಲಿ ಸೋಲುತ್ತಿರುವವರು ಇದರ ಹಿಂದೆ ಅವಿತುಕೊಳ್ಳುವುದು ನಿಂತಿಲ್ಲ.

‘ಬೆಗಿಂಗ್ ದ ಕ್ವೆಶ್ಚನ್’ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯುವುದಿಲ್ಲ. ಅರಿಸ್ಟಾಟಲ್ ಹೇಳಿದ ತರ್ಕದೋಷ ಅದು: ಸಾಧಿಸಬೇಕಾದದ್ದನ್ನೇ ಮೊದಲು ಒಪ್ಪಿಕೊಂಡು ಸಾಧಿಸಿದೆ ಅನ್ನುವುದು. ಅವರು ಸುಳ್ಳು ಹೇಳುವವರಲ್ಲ, ಯಾಕೆಂದರೆ ಹಾಗಂತ ಅವರೇ ಹೇಳಿದ್ದಾರೆ ಅಂದ ಹಾಗೆ. ನಮ್ಮ ನ್ಯಾಯಶಾಸ್ತ್ರದವರು ಇದಕ್ಕೆ ತೀರ ಹತ್ತಿರದ ದೋಷವೊಂದನ್ನು ‘ಸಾಧ್ಯಸಮ’ ಅನ್ನುತ್ತಾರೆ. ಕೊಟ್ಟ ಕಾರಣವೂ ಸಾಧಿಸಬೇಕಾದ ಮಾತಿನಷ್ಟೇ ಸಾಬೀತಾಗದೆ ಉಳಿದಿರುವುದು. ಗ್ರೀಕಿನಿಂದ ಲ್ಯಾಟಿನ್ನಿಗೆ, ಅಲ್ಲಿಂದ ಇಂಗ್ಲಿಷಿಗೆ ಬರುವಷ್ಟರಲ್ಲಿ ಆ ಮಾತು ಸೊರಗಿಹೋಗಿತ್ತು. ಈಗ ಟೀವಿಯವರು ‘ಹಾಗಾದರೆ ಒಂದು ಪ್ರಶ್ನೆ ಏಳುತ್ತದೆ’ ಅನ್ನುವುದಕ್ಕೆ ಅದನ್ನು ಬಳಸುತ್ತಾರೆ. ಬಳಸಲಿ ಬಿಡಿ. ದೋಷವನ್ನು ತೋರಿಸಬೇಕಾದವರು ಬೇರೆ ಮಾತಲ್ಲಿ ತೋರಿಸಬಹುದು.

‘ಲಿಟರಲಿ’ ಬಗ್ಗೆ ಸಿಡುಕುವವರ ಗುಂಪಿಗಂತೂ ನಾನು ಸೇರುವುದಿಲ್ಲ. ಅದನ್ನು ಅಲಂಕಾರಕ್ಕೆ ಬಳಸುವುದು ಇಂದಿನ ಹುಡುಗರು ಕಂಡುಹಿಡಿದದ್ದಲ್ಲ, ಡಿಕನ್ಸ್ ಬಳಸಿದ್ದಾನೆ, ಮಾರ್ಕ್ ಟ್ವೇನ್ ಬಳಸಿದ್ದಾನೆ. ಬೆಂಗಳೂರಿನ ಸಾಫ್ಟ್‌ವೇರ್ ಮಂದಿ ಕಷ್ಟದ ಕಲಿಕೆಗೆ ‘ಸ್ಟೀಪ್ ಲರ್ನಿಂಗ್ ಕರ್ವ್’ ಅನ್ನುತ್ತಾರಲ್ಲ, ಅಡ್ಡಗೆರೆಯಲ್ಲಿ ಕಾಲ, ನಿಲುಗೆರೆಯಲ್ಲಿ ಕಲಿತದ್ದು ಹಾಕಿ ನಕ್ಷೆ ಬರೆದರೆ ಕಡಿದಾದ ಗೆರೆಯ ಅರ್ಥ ಬೇಗ ಕಲಿತರು ಎಂದಾಗುತ್ತದೆ. ಆದರೂ ಗುಡ್ಡ ಹತ್ತುವ ಚಿತ್ರ ಎಲ್ಲರಿಗೂ ಕಾಣುತ್ತದೆ, ಮಾತು ನಡೆದುಹೋಗುತ್ತದೆ.

ಬಿಟ್ಟುಕೊಡಲು ನನ್ನ ಮನಸ್ಸು ಸುತರಾಂ ಒಪ್ಪದ ಮಾತೊಂದಿದೆ, ‘ಕ್ಯುರೇಟ್ಸ್ ಎಗ್’, ಕಿರಿಯ ಪಾದ್ರಿಯ ಮೊಟ್ಟೆ. 1895ರ ನವೆಂಬರಿನಲ್ಲಿ ಲಂಡನ್ನಿನ ‘ಪಂಚ್’ ಪತ್ರಿಕೆಯಲ್ಲಿ ಜಾರ್ಜ್ ದು ಮೊರಿಯೆ ಬರೆದ ವ್ಯಂಗ್ಯಚಿತ್ರ. ಬಿಷಪ್ಪರ ಮನೆಯ ಊಟದ ಮೇಜು. ಕಿರಿಯ ಪಾದ್ರಿಯ ತಟ್ಟೆಗೆ ಕೆಟ್ಟ ಮೊಟ್ಟೆ ಬಂದಿದೆ. ಮೊಟ್ಟೆ ಕೆಟ್ಟಿದೆ ಎಂದು ಬಿಷಪ್ಪರೇ ಬಾಯಿಬಿಟ್ಟು ಹೇಳಿದರೂ ಇವನು ಅಯ್ಯೋ ಇಲ್ಲ ಸ್ವಾಮಿ, ಅಲ್ಲಲ್ಲಿ ಬಹಳ ಚೆನ್ನಾಗಿದೆ ಅನ್ನುತ್ತಾನೆ. ಮೊಟ್ಟೆ ಅಲ್ಲಲ್ಲಿ ಕೆಡುವ ವಸ್ತುವಲ್ಲ, ಕೆಟ್ಟರೆ ಪೂರ್ತಿ ಕೆಟ್ಟಂತೆಯೇ. ಅದು ಆ ಹುಡುಗನಿಗೂ ಗೊತ್ತು. ತನ್ನ ಮುಂದಿನ ಬದುಕೆಲ್ಲ ಎದುರು ಕೂತಿರುವವರ ಕೈಯಲ್ಲಿದೆ ಎಂಬ ಅಂಜಿಕೆ ಅವನ ನಾಲಗೆಯಿಂದ ಆ ಮಾತಾಡಿಸುತ್ತದೆ. ಇಂದು ವಿಮರ್ಶೆ ಬರೆಯುವವರು ಒಳ್ಳೆಯದೂ ಕೆಟ್ಟದ್ದೂ ಬೆರೆತ ಪುಸ್ತಕಕ್ಕೆ, ಸಿನಿಮಾಕ್ಕೆ ಈ ಹೆಸರಿಡುತ್ತಾರೆ. ನಿಘಂಟುಗಳೂ ಅದೇ ಅರ್ಥ ಕೊಡುತ್ತವೆ. ಬೆರಕೆ ಸರಕನ್ನು ಹೇಳಲು ಇಂಗ್ಲಿಷಿನಲ್ಲಿ ಬೇಕಾದಷ್ಟು ಪದಗಳಿವೆ. ದೊಡ್ಡವರ ಎದುರು ಕೊಳೆತದ್ದನ್ನು ಹೊಗಳಬೇಕಾಗಿ ಬಂದ ಬಡಪಾಯಿಯ ಪಾಡನ್ನು ಹೇಳಲು ಇಷ್ಟು ಚೊಕ್ಕವಾದ ಮಾತು ನನಗೆ ತಿಳಿದಂತೆ ಇದೊಂದೇ. ಯಾರಾದರೂ ಇದನ್ನು ಬರೆದ ಪುಟ ನನ್ನ ಕೈಗೆ ತಿದ್ದಲು ಬಂದರೆ ಆ ಸಾಲಿನ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ಬಿಷಪ್ಪರ ಮನೆಯ ಕಥೆಯನ್ನು ಪೂರ್ತಿ ಬರೆದೇ ಕಳಿಸುತ್ತೇನೆ.