ಗಟಾರಕ್ಕೊಂದು ಗುಳಿಗ

ಒಂದು ಊರು ನಗರ ಅನ್ನಿಸಿಕೊಳ್ಳಬೇಕಾದರೆ ರೈಲು, ಮಾಲು, ಟ್ರಾಫಿಕ್ ಜಾಮುಗಳಷ್ಟೇ ಸಾಲವು. ನೆಲದಡಿಯಲ್ಲಿ ಯಾರಾದರೂ ವಾಸವಾಗಿರಬೇಕು. ಈ ವಿಷಯದಲ್ಲಿ ನ್ಯೂಯಾರ್ಕಿನವರು ಪುಣ್ಯವಂತರು. 1935ರ ಫೆಬ್ರವರಿಯಲ್ಲಿ ಅಲ್ಲಿನ ಹಾರ್ಲೆಮ್ ಬಡಾವಣೆಯ ಹುಡುಗರು ಬೀದಿಯ ಹಿಮವನ್ನು ಮ್ಯಾನ್‌ಹೋಲಿಗೆ ತಳ್ಳುತ್ತಿದ್ದಾಗ ಒಳಗೊಂದು ಮೊಸಳೆ ಕಂಡಿತೆಂದು ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಹುಡುಗರು ಅದನ್ನು ಹಗ್ಗ ಹಾಕಿ ಮೇಲೆಳೆದು, ಸಲಿಕೆಯಿಂದ ಬಡಿದು ಕೊಂದರು. ಆದರೂ ಅದು ಸತ್ತಿಲ್ಲ; ಮಕ್ಕಳು ಮೊಮ್ಮಕ್ಕಳ ಸಮೇತ ಇವತ್ತಿಗೂ ಆ ಮಹಾನಗರದ ಚರಂಡಿಯಲ್ಲಿ ಸುಖವಾಗಿದೆ ಎಂದು ನಂಬುವವರಿದ್ದಾರೆ. ಲಂಡನ್ನಿನವರದು ಇನ್ನೂ ಹಳೆಯ ಸಂಸಾರ. ಹ್ಯಾಂಪ್‌ಸ್ಟೆಡ್‌ನ ಚರಂಡಿಗೆ ಬಸುರಿ ಹಂದಿಯೊಂದು ಹೊಕ್ಕು, ಅಲ್ಲೇ ಮರಿ ಹಾಕಿ, ಆ ಹಿಂಡು ಬೆಳೆದು ಉಗ್ರವಾಗಿದೆ ಎಂಬ ಸುದ್ದಿಯನ್ನು ಹೆನ್ರಿ ಮೇಹ್ಯೂ ಎಂಬಾತ 1851ರ ಸುಮಾರಿಗೇ ಬರೆದಿಟ್ಟಿದ್ದಾನೆ.

ಹಾಗಾದರೆ ಮುಂಬಯಿ ಪಕ್ಕದ ಡೊಂಬಿವಲಿಯ ನಮಗೆ ಯಾರಿದ್ದಾರೆ? ಈ ಪ್ರಶ್ನೆಯನ್ನು ಕೆಳಗಿನ ಮಹಡಿಯ ಶೆಟ್ರ ಮುಂದಿಟ್ಟೆ. ಅವರು ಉಡುಪಿಯಿಂದ ಬಂದು ಇಲ್ಲೇ ತಲೆ ನರೆಸಿಕೊಂಡವರು. "ಮೊಸಳೆಯಾ? ನಮ್ಮ ಗಟಾರದಲ್ಲಾ? ಎಂತ ಮಾರಾಯ್ರೆ, ಅದಕ್ಕೆ ಬದುಕುವ ಆಸೆ ಇಲ್ವಾ?" ಎಂದರು.

ಶೆಟ್ರ ಲೆಕ್ಕದಲ್ಲಿ ನಮ್ಮವನು ಇರುವುದು ಗಟಾರದಲ್ಲಲ್ಲ, ಪಾರ್ಸಿಕ್ ಸುರಂಗದಲ್ಲಿ. ಠಾಣೆ ದಾಟಿ ಮುಂಬ್ರಾ ಗುಡ್ಡವನ್ನು ಕೊರೆದು 1916ರಲ್ಲಿ ತೆರೆದ ಸುರಂಗ ಅದು. ಉದ್ದ ಸುಮಾರು 1.3 ಕಿಲೋಮೀಟರು. ಕಲ್ಯಾಣದ ಫಾಸ್ಟ್ ಲೋಕಲ್‌ಗಳು ದಶಕಗಟ್ಟಲೆ ಅದರೊಳಗೇ ನುಗ್ಗಿ ಹೋಗುತ್ತಿದ್ದವು. ಮಗ ಕಾಲೇಜಿಗೆ ಹೋಗುವ ಕಾಲದಲ್ಲಿ ಬಾಗಿಲಿಗೆ ಜೋತುಬಿದ್ದು ಪ್ರಯಾಣ ಮಾಡುತ್ತಾನೆಂದು ಗೊತ್ತಾದಾಗ ಶೆಟ್ರು ಬೈಯಲಿಲ್ಲ. "ಸುರಂಗದಲ್ಲಿ ಒಬ್ಬ ಇದ್ದಾನೆ, ಹೊರಗೆ ಚಾಚಿದ್ದನ್ನೆಲ್ಲ ತನ್ನದು ಅಂತಾನೆ" ಎಂದಷ್ಟೇ ಹೇಳಿದರಂತೆ. ಮಗ ನಕ್ಕ. ಆದರೆ ಮರುದಿನದಿಂದ ಒಳಗೆ ನಿಂತ. ರೈಲ್ವೆಯವರು ಮೂರು ಭಾಷೆಯಲ್ಲಿ ಬರೆದು ಹಾಕಿದ್ದ ಎಚ್ಚರಿಕೆಯಿಂದ ಆಗದ ಕೆಲಸವನ್ನು ಹೆಸರೂ ಇಲ್ಲದ ಆ ಒಬ್ಬ ಮಾಡಿ ಮುಗಿಸಿದ. 2022ರಲ್ಲಿ ಐದನೇ ಆರನೇ ಹಳಿಗಳು ಬಂದ ಮೇಲೆ ಸುರಂಗ ಹೆಚ್ಚಾಗಿ ಮೇಲ್, ಎಕ್ಸ್‌ಪ್ರೆಸ್ ಗಾಡಿಗಳ ಪಾಲಾಗಿದೆ. ಪಾಪ, ಅವನಿಗೆ ಈಗ ಸಿಗುವುದೆಲ್ಲ ದೂರದೂರಿನ ಪ್ರಯಾಣಿಕರೇ.

ದೆವ್ವಗಳ ವಿಷಯದಲ್ಲಿ ಕನ್ನಡಿಗರು ಅನನುಭವಿಗಳೇನಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಮನೆ ಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದದ್ದು ನೆನಪಿರಬಹುದು. ರಾತ್ರಿ ಬಂದು ಬಾಗಿಲು ಬಡಿಯುವ ಆ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು, ಓದಿದ್ದನ್ನು ಪಾಲಿಸುವ ಸಭ್ಯತೆಯೂ ಇತ್ತು. ಅಂಥ ಸುಶಿಕ್ಷಿತರು ಈಗ ಮನುಷ್ಯರಲ್ಲೂ ಅಪರೂಪ.

ಆದರೆ ನಮ್ಮ ಠಾಣೆ ಕಡೆಯ ತೊಂದರೆ ಬೇರೆ. ಇಲ್ಲಿ ಕಟ್ಟುಕತೆ ಕಟ್ಟುವ ಮೊದಲೇ ನಿಜ ಬಂದು ಕುಳಿತುಬಿಡುತ್ತದೆ. 2019ರ ಫೆಬ್ರವರಿಯ ಒಂದು ಬೆಳಗಿನ ಜಾವ ಠಾಣೆಯ ಕೋರಂ ಮಾಲಿನಲ್ಲಿ ಚಿರತೆಯೊಂದು ಓಡಾಡಿದ್ದು ಸಿಸಿಟಿವಿಯಲ್ಲಿ ಕಂಡಿತು. ಅಂಗಡಿ ತೆರೆಯುವವರೆಗೂ ಕಾಯುವ ತಾಳ್ಮೆ ಇರಲಿಲ್ಲವೋ ಏನೋ, ಅಲ್ಲಿಂದ ಹೊರಬಿದ್ದು ಪಕ್ಕದ ಹೋಟೆಲೊಂದರ ನೆಲಮಾಳಿಗೆ ಸೇರಿತು. ಅರಣ್ಯ ಇಲಾಖೆಯವರು ಅರಿವಳಿಕೆ ಕೊಟ್ಟು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಒಯ್ದರು. 2022ರ ನವೆಂಬರಿನಲ್ಲಿ ಕಲ್ಯಾಣ ಪೂರ್ವದ ವಸತಿ ಕಟ್ಟಡವೊಂದಕ್ಕೂ ಚಿರತೆ ಬಂತು. ನೆಲಮಾಳಿಗೆಯಲ್ಲಿ ಚಿರತೆ ಇದೆ ಎಂದು ಯಾರಾದರೂ ಗಾಳಿಸುದ್ದಿ ಹಬ್ಬಿಸಿದ್ದರೆ ನಾವು ಯಾರೂ ನಂಬುತ್ತಿರಲಿಲ್ಲ. ನವಿ ಮುಂಬಯಿಯಲ್ಲೂ ಹೀಗೇ. ಗಾಜಿನ ಕಟ್ಟಡಗಳ ಬೆನ್ನಿಗಿರುವ ಕಾಂಡ್ಲಾ ಕಾಡಿನಲ್ಲಿ ನರಿಗಳಿವೆ. ಖಾರ್‌ಘರ್‌ನಲ್ಲಿ ಕಂತು ಕಟ್ಟಿ ಫ್ಲ್ಯಾಟು ಕೊಂಡವರಿಗೆ ರಾತ್ರಿ ನರಿ ಊಳಿಡುವುದು ಉಚಿತ.

ನೆಲದಡಿಯ ಖಾಯಂ ನಿವಾಸಿ ಎಂದರೆ ಹೆಗ್ಗಣ. ಮರಾಠಿಯವರು ಘೂಸ್ ಅನ್ನುತ್ತಾರೆ. ದೊಡ್ಡ ಜಾತಿಯದು ಒಂದು ಕಿಲೋ ತನಕ ತೂಗಬಲ್ಲದು. ರಾತ್ರಿ ಕೊನೆಯ ಲೋಕಲ್ ಇಳಿದು ಬರುವಾಗ ಫುಟ್‌ಪಾತಿನ ಮೇಲೆ ಎದುರಾದರೆ ಅದು ದಾರಿ ಬಿಡುವುದಿಲ್ಲ; ನಾವೇ ಬಿಡಬೇಕು. ಮುಂಬಯಿ ಪಾಲಿಕೆ ರಾತ್ರಿ ಪಾಳಿಯಲ್ಲಿ ಇಲಿ ಕೊಲ್ಲಲೆಂದೇ ನೌಕರರನ್ನು ಇಟ್ಟುಕೊಂಡಿದೆ. ಒಬ್ಬೊಬ್ಬರಿಗೆ ರಾತ್ರಿಗೆ 30 ಇಲಿಗಳ ಗುರಿ. ಕೈಯಲ್ಲಿ ಟಾರ್ಚು, ಕೋಲು. 1896ರಲ್ಲಿ ಪ್ಲೇಗು ಕಂಡ ಊರು ಇಲಿಯನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಮಳೆನೀರಿನಲ್ಲಿ ಬರಿಗಾಲಲ್ಲಿ ನಡೆದವರಿಗೆ ಇಲಿಜ್ವರದ ಭಯ ಈಗಲೂ ತಪ್ಪಿದ್ದಲ್ಲ.

ಡೊಂಬಿವಲಿಯ ವಿಶೇಷ ಮಾತ್ರ ಬಣ್ಣದ್ದು. 2014ರ ಜನವರಿಯಲ್ಲಿ ಇಲ್ಲಿ ಹಸಿರು ಮಳೆ ಬಿತ್ತು. 2020ರ ಫೆಬ್ರವರಿಯಲ್ಲಿ ಕೈಗಾರಿಕಾ ಪ್ರದೇಶದ ರಸ್ತೆಯೇ ಗುಲಾಬಿಯಾಗಿ ರಾಜ್ಯವೆಲ್ಲ ಸುದ್ದಿಯಾಯಿತು. ಪುರಾಣ ಕಾಲದಲ್ಲಾಗಿದ್ದರೆ ಇಷ್ಟಕ್ಕೆ ಒಬ್ಬ ರಾಕ್ಷಸ, ಒಂದು ಶಾಪ, ಒಂದು ಸ್ಥಳಪುರಾಣ ಹುಟ್ಟುತ್ತಿತ್ತು. ನಮ್ಮ ಕಾಲದಲ್ಲಿ ಹುಟ್ಟಿದ್ದು ಕಾರ್ಖಾನೆಗಳಿಗೆ ನೋಟೀಸು. ರಾಕ್ಷಸನಾದರೆ ಯಾರಾದರೂ ಹೆದರುತ್ತಿದ್ದರು.

ಉಡುಪಿ ಕಡೆಯ ಊರಲ್ಲಿ ನೆಲದ ಕೆಳಗಿನವರಿಗೆ ಖಚಿತ ವಿಳಾಸವಿತ್ತು ಎಂದು ಶೆಟ್ರು ಆಗಾಗ ಹೇಳುತ್ತಾರೆ. ನಾಗನಿಗೆ ಬನ. ಅಲ್ಲಿಯ ಮರಕ್ಕೆ ಕತ್ತಿ ತಾಗಿಸುವಂತಿಲ್ಲ, ಕಸ ಎಸೆಯುವಂತಿಲ್ಲ. ದೈವಗಳಲ್ಲಿ ಪಂಜುರ್ಲಿಗೆ ಗುಡಿ, ಗುಳಿಗನಿಗೆ ಕಲ್ಲು, ವರ್ಷಕ್ಕೊಮ್ಮೆ ತಂಬಿಲದ ಪೂಜೆ, ಕೋಲದ ಸೇವೆ. ಎಲ್ಲಿ ಯಾರಿದ್ದಾರೆ ಎಂಬುದು ಮಕ್ಕಳಿಗೂ ಗೊತ್ತು. ಈಗಲೂ ನಮ್ಮವರು ರಜೆ ಬರೆದು ಮತ್ಸ್ಯಗಂಧಾ ರೈಲು ಹತ್ತಿ ಊರಿಗೆ ಓಡುವುದು ಅಲ್ಲಿ ಒಂದು ಹಾಲೆರೆಯುವುದಕ್ಕೆ, ಒಂದು ತೆಂಗಿನಕಾಯಿ ಒಡೆಯುವುದಕ್ಕೆ. ಬನದಲ್ಲಿ ಎಲೆ ಹರಿಯಲು ಹಿಂಜರಿಯುವ ಅದೇ ಮನುಷ್ಯ ತಿರುಗಿ ಬಂದ ಮರುದಿನ ಡೊಂಬಿವಲಿಯ ನಾಲೆಗೆ ಕಸದ ಚೀಲವನ್ನು ಬೀಸಿ ಒಗೆಯುತ್ತಾನೆ. ಮನುಷ್ಯ ಒಬ್ಬನೇ, ಕೈಯೂ ಒಂದೇ. ವ್ಯತ್ಯಾಸ ಇಷ್ಟೇ: ನಾಲೆಯಲ್ಲಿ ಯಾರೂ ಇಲ್ಲ ಎಂದು ಅವನಿಗೆ ಗೊತ್ತು.

ಹಾಗಾಗಿ ನನ್ನದೊಂದು ಯೋಜನೆ. ಗಟಾರಕ್ಕೊಬ್ಬ, ನಾಲೆಗೊಬ್ಬ ಗುಳಿಗನನ್ನು ನೇಮಿಸಬೇಕು. ಹಸಿವಿಗೆ ಹೆಸರಾದ ದೈವ, ಕೋಪಕ್ಕೂ ಕಡಿಮೆಯಿಲ್ಲ. ಮೇ ತಿಂಗಳಲ್ಲಿ ಪಾಲಿಕೆಗಳು ನಡೆಸುವ ನಾಲೇಸಫಾಯಿಯ ದಿನವೇ ಅವನಿಗೆ ಕೋಲ ಇಟ್ಟುಕೊಳ್ಳಬಹುದು. ಹೂಳು ಎಷ್ಟು ಪ್ರತಿಶತ ಎತ್ತಿದ್ದೀರಿ ಎಂದು ಗುತ್ತಿಗೆದಾರರನ್ನು ಎದುರಿಗೆ ನಿಲ್ಲಿಸಿ ಗುಳಿಗನೇ ಕೇಳಲಿ. ಕಡತದಲ್ಲಿ ಬರೆದಂತೆ ದೈವದ ಮುಂದೆ ಹೇಳುವುದು ಸುಲಭವಲ್ಲ.

ಶೆಟ್ರಿಗೆ ಯೋಜನೆ ಹಿಡಿಸಲಿಲ್ಲ. "ಗುಳಿಗನನ್ನು ಗಟಾರಕ್ಕೆ ಕಳಿಸ್ತೀರಾ? ಅವನು ಮೊದಲು ಬರುವುದು ನಿಮ್ಮ ಮನೆಗೇ" ಎಂದರು. ನಾನು ವಾದಿಸಲಿಲ್ಲ. ಆ ರಾತ್ರಿ ನಮ್ಮ ಮನೆಯ ಕಸ ಸರಿಯಾದ ಡಬ್ಬಿಯಲ್ಲೇ ಬಿತ್ತು ಎಂಬುದನ್ನು ಮಾತ್ರ ಇಲ್ಲಿ ದಾಖಲಿಸುತ್ತೇನೆ. ಯೋಜನೆಯ ಮೊದಲ ಫಲ ಅದು.

ಇನ್ನು ಮುಂದೆ ಕೆಳಗಿನವರ ನೆರೆಹೊರೆಗೆ ನಾವೇ ಹೋಗಲಿದ್ದೇವೆ. ಬುಲೆಟ್ ರೈಲಿಗೆಂದು ಬಾಂದ್ರಾ ಕುರ್ಲಾ ಸಂಕೀರ್ಣದಿಂದ ಶಿಳ್‌ಫಾಟಾದವರೆಗೆ 21 ಕಿಲೋಮೀಟರಿನ ಸುರಂಗ. ಅದರಲ್ಲಿ ಏಳು ಕಿಲೋಮೀಟರು ಠಾಣೆ ಖಾರಿಯ ನೀರಿನಡಿ. ಠಾಣೆಯಿಂದ ಬೊರಿವಲಿಗೆ ಇನ್ನೊಂದು ಜೋಡಿ ಸುರಂಗ. ಅದು ಹಾಯುವುದು ಚಿರತೆಗಳ ಉದ್ಯಾನದ ಅಡಿಯಲ್ಲಿ. ನೆಲದಡಿ ಏನೋ ಗುಡುಗುಡು ಓಡಾಡುತ್ತಿದೆ ಎಂದು ಇನ್ನು ಚಿರತೆಗಳೇ ಮರಿಗಳಿಗೆ ಕತೆ ಹೇಳಬೇಕು.

ಅಲ್ಲಿಯವರೆಗೆ ಓದುಗರಲ್ಲಿ ಒಂದು ವಿನಂತಿ. ಮಳೆಗಾಲಕ್ಕೆ ಮೊದಲು ನಿಮ್ಮ ಬೀದಿಯ ಗಟಾರವನ್ನು ಒಮ್ಮೆ ಬಗ್ಗಿ ನೋಡಿ. ಮೊಸಳೆ ಕಂಡರೆ ಅರಣ್ಯ ಇಲಾಖೆಗೆ ಫೋನು ಮಾಡಿ, ಪ್ಲಾಸ್ಟಿಕ್ ಕಂಡರೆ ಪಾಲಿಕೆಗೆ ಮಾಡಿ. ಮೊಸಳೆಗಾದರೆ ಖಂಡಿತ ಬೇಗ ಬರುತ್ತಾರೆ.