ಅಟ್ಟದಿಂದ ಇಳಿದವರ ಸಂದರ್ಶನ

ಕಳೆದ ವರ್ಷ ಮೆಣಸಿನ ಬಳ್ಳಿಗೆ ಬೋರ್ಡೋ ಹೊಡೆದು ಅಟ್ಟ ಸೇರಿದ್ದ ಬ್ಯಾಟರಿ ಪಂಪು ಮೊನ್ನೆ ಕೆಳಗಿಳಿಯಿತು. ರಾತ್ರಿಯಿಡೀ ಚಾರ್ಜ್ ಆಗಿ ಹಸಿರು ದೀಪವೂ ಬಂತು. ತೋಟದಲ್ಲಿ ಎರಡನೇ ಟ್ಯಾಂಕಿಗೇ ಉಸಿರು ಬಿಟ್ಟಿತು. ಒಳಗಿದ್ದ 12 ವೋಲ್ಟ್, 8 ಆಂಪಿಯರ್-ಅವರ್ ಸೀಸದ ಬ್ಯಾಟರಿಯನ್ನು ಜಗಲಿಯಲ್ಲಿ ಕೂರಿಸಿಕೊಂಡು ಮಾತಾಡಿಸಿದೆ.

ಚಾರ್ಜರಿನಲ್ಲಿ ಹಸಿರು ದೀಪ ಬಂದಿತ್ತಲ್ಲ?

— ಲೋಟ ಚಿಕ್ಕದಾದರೆ ಬೇಗ ತುಂಬುತ್ತೆ ಸ್ವಾಮಿ.

ಮೀಟರ್ ಹಿಡಿದರೆ 13 ವೋಲ್ಟ್ ತೋರಿಸಿದಿರಿ!

— ಚಾರ್ಜರ್ ಕಿತ್ತ ಕೂಡಲೇ ಹಿಡಿದಿರಿ, ತೋರಿಸಿದೆ. ಹೆಣ್ಣು ನೋಡಲು ಬಂದವರ ಮುಂದೆ ಯಾರ ಮನೆಯೂ ಬಡವರ ಮನೆಯಲ್ಲ. ನಾಲ್ಕಾರು ಗಂಟೆ ಸುಮ್ಮನೆ ಬಿಟ್ಟು ನೋಡಿ. 12.7ರ ಆಸುಪಾಸು ನಿಂತರೆ ಹೊಟ್ಟೆ ತುಂಬಿದೆ ಅಂತ. ಹೊಟ್ಟೆ ಎಷ್ಟು ದೊಡ್ಡದು ಅನ್ನೋದು ಆಗಲೂ ಗೊತ್ತಾಗೋದಿಲ್ಲ.

ಪೇಟೆಯಲ್ಲಿ ಒಬ್ಬರು ಎರಡು ವೈರ್ ತಾಗಿಸಿ, ಕಿಡಿ ಹಾರಿದ್ದು ನೋಡಿ ‘ಫಸ್ಟ್ ಕ್ಲಾಸ್’ ಅಂದರು.

— ಕೆನ್ನೆಗೆ ಬಾರಿಸಿ, ‘ಕಿರುಚಿದ, ಆರೋಗ್ಯವಾಗಿದ್ದಾನೆ’ ಅನ್ನೋ ಡಾಕ್ಟರ ಹತ್ತಿರ ನೀವು ಹೋಗ್ತೀರಾ?

ಮತ್ತೆ ಹೇಗೆ ನೋಡಬೇಕು?

— ಕೆಲಸ ಕೊಟ್ಟು ನೋಡಬೇಕು. ನನ್ನ ಮೈಮೇಲಿನ 8 ಅನ್ನೋದು 20 ಗಂಟೆಯ ಲೆಕ್ಕ: 0.4 ಆಂಪಿಯರ್ ಎಳೆದರೆ 20 ಗಂಟೆ ಬರಬೇಕು. ಬೈಕಿನ 12 ವೋಲ್ಟ್, 5 ವಾಟ್ ಬಲ್ಬು ಹೆಚ್ಚುಕಡಿಮೆ ಅಷ್ಟೇ ಎಳೆಯುತ್ತೆ. ಪೂರ್ತಿ ಚಾರ್ಜ್ ಮಾಡಿ, ಬಲ್ಬು ಹಚ್ಚಿ, ಗಡಿಯಾರ ನೋಡಿ. 10.5 ವೋಲ್ಟಿಗೆ ಇಳಿದ ತಕ್ಷಣ ಕಿತ್ತುಬಿಡಿ, ಅದಕ್ಕಿಂತ ಕೆಳಗೆ ಹಿಂಡಬೇಡಿ. 16 ಗಂಟೆ ಬಂದರೆ ಇನ್ನೂ ದುಡೀತೀನಿ ಅಂತ.

ಈ ಕಾಯಿಲೆ ಹೇಗೆ ಅಂಟಿತು?

— ಖಾಲಿ ಹೊಟ್ಟೇಲಿ ಅಟ್ಟಕ್ಕೆ ಹಾಕಿದವರು ಯಾರು? ಚಾರ್ಜ್ ಇಳಿದಾಗ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಕೂರುತ್ತೆ. ಅಂದೇ ಚಾರ್ಜಿಗೆ ಹಾಕಿದ್ದರೆ ಹೋಗ್ತಿತ್ತು. ತಿಂಗಳುಗಟ್ಟಲೆ ಬಿಟ್ಟಿರಿ, ಹರಳುಗಟ್ಟಿತು. ನಾಜಲ್ ಮಾತ್ರ ತೊಳೆದು ಬಟ್ಟೆಯಲ್ಲಿ ಸುತ್ತಿಟ್ಟಿದ್ದೀರಿ! ಫ್ರಾನ್ಸಿನ ಪ್ಲಾಂಟೆ 1859ರಲ್ಲಿ ನಮ್ಮ ಕುಲವನ್ನು ಹುಟ್ಟಿಸಿದಾಗಿನಿಂದ ಇದೇ ರೋಗ, ಇಂಥವೇ ಯಜಮಾನರು.

(ಅಟ್ಟದ ವಿಷಯಕ್ಕೆ ನಾನು ಉತ್ತರ ಕೊಡಲಿಲ್ಲ.)

ಮರುದಿನ ಬೆಳಗ್ಗೆ ಆರಕ್ಕೆ ಬಲ್ಬು ಹಚ್ಚಿದೆ. ಊಟ ಮುಗಿಸಿ ಕೈ ತೊಳೆದಾಗ ಎರಡು ಗಂಟೆ. ಮೀಟರಿನಲ್ಲಿ 10.5.